ಒಂದು ಮಾತ್ರೆ, ನಾಲ್ಕು ಪಾಲು

ದ್ವೀಪದ ಶಾಲೆಯ ಮಳೆನೀರಿನ ತೊಟ್ಟಿಯ ಹಿಂದೆ ಕಂಡದ್ದನ್ನು ಕೆಲೆರಾ ಮೇಡಂಗೆ ನಂಬಲಾಗಲಿಲ್ಲ. ನಾಲ್ಕನೇ ತರಗತಿಯ ಉನೈಸಿ, ಆಗತಾನೇ ಅವರ ಕೈಯಿಂದ ಇಸಿದುಕೊಂಡು ಬಂದ ಮಾತ್ರೆಯನ್ನು ಕಟಕ್ಕೆಂದು ಹಲ್ಲಲ್ಲಿ ಒಡೆದು, ಎದುರಿಗೆ ಕೂತ ಮೂವರು ಗೆಳೆಯರಿಗೆ ಹಂಚುತ್ತಿದ್ದಳು. ಉಳಿದ ಚೂರನ್ನು ಕೊನೆಗೆ ತನ್ನ ಬಾಯಿಗೆ ಹಾಕಿಕೊಂಡಳು.

"ಏನೇ ಇದು! ಹಬ್ಬದೂಟ ಅಂದ್ಕೊಂಡ್ಯಾ, ಪಾಲು ಹಾಕೋಕೆ?"

ಉನೈಸಿ ಬೆಚ್ಚಿಬಿದ್ದಳು. "ಇವರೆಲ್ಲ ಎದುರಿಗೇ ಇದ್ರು ಮೇಡಂ. ಬಿಟ್ಟು ಒಬ್ಳೇ ಹೆಂಗೆ ತಿನ್ಲಿ? ನಮ್ಮಜ್ಜಿಗೆ ಗೊತ್ತಾದ್ರೆ ಸುಮ್ನೆ ಬಿಡ್ತಾಳಾ?"

ಮೇಡಂ ಆ ಮೂವರಲ್ಲೊಬ್ಬನಾದ ಅಪಿಸಾಯಿಯ ಕಡೆ ತಿರುಗಿದರು. "ನಿನಗಾದ್ರೂ ಬುದ್ಧಿ ಬೇಡ್ವೇನೋ? ಕಹಿ ವಿಷ ಅಲ್ವೇನೋ ಅದು?"

"ಹೌದು ಮೇಡಂ, ವಾಂತಿ ಬರೋ ಹಂಗಾಗುತ್ತೆ." ಹುಡುಗ ಮುಖ ಕಿವುಚಿದ. "ಆದ್ರೆ ಪಾಪ, ದಿನಾ ಪ್ರೀತಿಯಿಂದ ಕೊಡ್ತಾಳೆ. ಬೇಡ ಅನ್ನೋಕಾಗುತ್ತಾ?"

ದಿನಾ! ಮೇಡಂಗೆ ಬಂದ ಸಿಟ್ಟು ಅಲ್ಲೇ ಇಳಿಯಿತು. ದೋಣಿಯಲ್ಲಿ ಬರುವ ನರ್ಸಮ್ಮ ಮೊನ್ನೆಯಷ್ಟೇ ಹೇಳಿಹೋಗಿದ್ದರು: ಹುಡುಗಿಯ ಮಂಡಿ ಮತ್ತೆ ಊದಿದೆ, ಗಂಟಲುನೋವಿನಿಂದ ಶುರುವಾದ ಜ್ವರ ಹೃದಯಕ್ಕೆ ಇಳಿದಿದೆ, ಮಾತ್ರೆ ತಪ್ಪಿದರೆ ಸುವಾ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಎದೆ ಕೊಯ್ಯಿಸಬೇಕಾದೀತು. "ನನ್ನ ಕೈಯಾರೆ ಕೊಡ್ತಿದ್ದೀನಲ್ಲ ಸಿಸ್ಟರ್" ಎಂದು ಮೇಡಂ ಎದೆ ತಟ್ಟಿ ಹೇಳಿದ್ದರು. ಕೊಟ್ಟದ್ದೇನೋ ನಿಜವೇ.

ಮರುದಿನ ಮಧ್ಯಾಹ್ನ ಉನೈಸಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಕಿಟಕಿಯ ತುಂಬ ತರಗತಿಯ ಅಷ್ಟೂ ಮಕ್ಕಳ ಕಣ್ಣುಗಳು. ಹುಡುಗಿ ಮಾತ್ರೆ ಬಾಯಲ್ಲಿಟ್ಟುಕೊಂಡು ಅವರನ್ನು ನೋಡಿದಳು, ಬಿಕ್ಕಿದಳು, ಮಾತ್ರೆ ಅಂಗೈಗೆ ವಾಪಸು ಬಂತು. ಬೈಯಬೇಕೆಂದಿದ್ದ ಮೇಡಂ ಹೋಗಿ ಬಾಗಿಲು ತೆಗೆದರು. ಅವರೂ ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದವರು. ಬುತ್ತಿಯ ಮರಗೆಣಸನ್ನು ಒಂದು ದಿನವಾದರೂ ಒಬ್ಬರೇ ಕೂತು ತಿಂದದ್ದುಂಟೇ?

"ಬನ್ರೋ, ಎಲ್ಲರೂ ಒಳಗೆ ಬನ್ನಿ!" ಎಂದು ಕೂಗಿದರು. ಅಂಗಳದಲ್ಲಿ ಬಿದ್ದಿದ್ದ ತೆಂಗಿನಕಾಯಿ ತರಿಸಿ, ಒಡೆದು, ಚೂರು ಮಾಡಿ, ಚಿಪ್ಪಿಗೆ ತುಂಬಿ ಉನೈಸಿಯ ಮಡಿಲಿಗಿಟ್ಟರು. "ಇವತ್ತು ನೀನೇ ಮನೆಯೊಡತಿ. ಬಂದವರಿಗೆ ಮೊದಲು ಬಡಿಸು. ಅವರೆಲ್ಲ ತಿಂದ ಮೇಲೆ ಮನೆಯವರ ಊಟ. ನಿನ್ನ ಪಾಲಿಗೆ ಈ ಮಾತ್ರೆ. ಪೂರ್ತಿ ನಿಂದೇ. ತಿಳೀತಾ?"

ಉನೈಸಿ ಮೂಗೊರೆಸಿಕೊಂಡು ಎದ್ದಳು. ಯಾರನ್ನೂ ಬಿಡದೆ ಒಬ್ಬೊಬ್ಬರ ಕೈಗೂ ಇಟ್ಟಳು, ಚಿಕ್ಕ ಚೂರು ಬಂದವರಿಗೆ ಇನ್ನೊಂದು ಸೇರಿಸಿದಳು. ಅಪಿಸಾಯಿ ಕಾಯಿ ಕಡಿಯುತ್ತ, ಊರ ಹಿರಿಯನಂತೆ ಹೊಟ್ಟೆ ಸವರಿಕೊಂಡು, "ಸಾಕಾಯ್ತು ಕಣೇ, ಇನ್ನು ನೀನು ಉಣ್ಣು" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಮಾತ್ರೆ ತುಟಿಯವರೆಗೆ ಹೋಯಿತು. ಅಲ್ಲಿಗೇ ನಿಂತಿತು. ಉನೈಸಿ ಖಾಲಿ ಚಿಪ್ಪನ್ನು ನೋಡಿದಳು, ಬರಿಗೈಲಿ ನಿಂತ ಮೇಡಂ ಅವರನ್ನು ನೋಡಿದಳು.

"ಅಯ್ಯೋ ಮೇಡಂ, ನಿಮಗೇ ಇಲ್ವಲ್ಲ!" ಎಂದವಳೇ ಮಾತ್ರೆಯನ್ನು ಹಲ್ಲುಗಳ ನಡುವೆ ಇಟ್ಟುಕೊಂಡಳು.

"ಕಚ್ಬೇಡ ಕಣೇ!" ಮೇಡಂ ಒಂದೇ ನೆಗೆತಕ್ಕೆ ಹೋಗಿ, ಅಪಿಸಾಯಿಯ ಕೈಲಿದ್ದ ಅರ್ಧ ಕಡಿದ ಕಾಯಿಚೂರನ್ನು ಕಿತ್ತು ಬಾಯಿಗೆ ತುರುಕಿಕೊಂಡರು. "ತಿಂದೆ ನೋಡು, ತಿಂದೆ! ನನ್ನ ಹೊಟ್ಟೇನೂ ತುಂಬ್ತು! ನುಂಗೇ ನಮ್ಮವ್ವಾ, ನುಂಗು!"

ಅವರು ಅಗಿದು ಮುಗಿಸುವವರೆಗೂ ಉನೈಸಿ ಕಾದಳು. ಆಮೇಲೆ ನುಂಗಿದಳು.