ಏರು ಬರುವ ಮೊದಲು

ಗಾಡಿಯ ಒಳಗುಟ್ಟು ತಿಳಿಯದವರು ಗಾಡಿಯ ಕಥೆ ಹೇಳಹೊರಟಿದ್ದೇ ಅಧಿಕಪ್ರಸಂಗ, ತಿಳಿದವರು ಮನ್ನಿಸಬೇಕು. ಹೊಲಿಗೆ ಕೆಲಸದ ಒಬ್ಬ ಅಕ್ಕನಿಗೆ ಮೂವರು ಮಕ್ಕಳನ್ನೂ ಬಟ್ಟೆಯ ಗಂಟುಗಳನ್ನೂ ಒಟ್ಟಿಗೆ ಹೊರುವ ಗಾಡಿ ಬೇಕಿತ್ತು. ಹಳೆಯದೊಂದು ಎಸ್‌ಯುವಿ ಮಾರಾಟಕ್ಕಿದೆಯೆಂದು ತಿಳಿದು, ನೋಡಿಬರಲು ಮೆಕ್ಯಾನಿಕ್ ತಮ್ಮನನ್ನು ಕಳಿಸಿದಳು. ಹಿಂದಿನ ಸಲ ಅವನು "ಕಣ್ಣು ಮುಚ್ಕೊಂಡು ತಗೋ" ಎಂದಿದ್ದ ಕಾರು ಎರಡೇ ತಿಂಗಳಲ್ಲಿ, ಮಕ್ಕಳು ಒಳಗಿರುವಾಗಲೇ, ಸೇತುವೆಯ ನಡುವೆ ಕೈಕೊಟ್ಟಿತ್ತು.

"ಇದೊಂದು ಸಲ ನಿನ್ನ ಮಾತು ಕೇಳ್ತೀನಿ. ಇದೇ ಕೊನೆ," ಎಂದಿದ್ದಳು ಅಕ್ಕ.

ಗಾಡಿಯ ಯಜಮಾನರು ಔಷಧಿ ಅಂಗಡಿಯವರು. "ಮಾತ್ರೆಗಾದ್ರೂ ಸೈಡ್ ಎಫೆಕ್ಟ್ ಇರುತ್ತಪ್ಪ, ಇದಕ್ಕೆ ಅದೂ ಇಲ್ಲ," ಎಂದರು. ಎಂಜಿನ್ನಿನ ಸದ್ದು ಚೊಕ್ಕವಾಗಿತ್ತು, ಎಲ್ಲೂ ಎಣ್ಣೆ ಸೋರಿರಲಿಲ್ಲ. ತಮ್ಮನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹೋದ ಸಲದ್ದೂ ಹೀಗೇ ಚೊಕ್ಕವಾಗಿತ್ತಲ್ಲ!

"ಸರ್, ಖಾಲಿ ಗಾಡಿ ಎಲ್ಲರ ಹತ್ರಾನೂ ಚೆನ್ನಾಗೇ ನಡ್ಕೊಳ್ಳುತ್ತೆ. ಮನೆಯವ್ರೂ ಕೂತ್ಕೊಳ್ಳಲಿ, ಭಾರ ಹಾಕಿ ನೋಡೋಣ."

ಯಜಮಾನರು ಸ್ಟೀರಿಂಗ್ ಹಿಡಿದರು, ತಮ್ಮ ಪಕ್ಕದಲ್ಲಿ ಕೂತ. ಯಜಮಾನರ ಹೆಂಡತಿಯೂ ಆರು ವರ್ಷದ ಮಗಳೂ ಹಿಂದೆ. ಮನೆಯಲ್ಲೇ ತಾಕೀತಾಗಿತ್ತೇನೋ, ಇಬ್ಬರ ಬಾಯಿಗೂ ಬೀಗ. ಮಗಳಂತೂ ಎರಡು ಬೀದಿ ದಾಟುವಷ್ಟರಲ್ಲಿ ಬಾಗಿಲಿಗೊರಗಿ ನಿದ್ದೆಹೋದಳು. ತಮ್ಮ ಮುಂಗಾಜಿನ ಮೇಲಿನ ಸನ್‌ವೈಸರ್ ಇಳಿಸಿ, ಅದರ ಪುಟ್ಟ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತ ಕೂತ.

ಎಡತಿರುವು ಇನ್ನೂ ದೂರವಿರುವಾಗಲೇ ಹೆಂಡತಿ ಎರಡೂ ಕಾಲು ಮೇಲೆತ್ತಿಕೊಂಡರು. ಗಾಡಿ ತಿರುಗಿತು. ಮ್ಯಾಟಿನಡಿ ನೀರು ಗುಳುಗುಳು ಎನ್ನುತ್ತ ಈ ಬದಿಯಿಂದ ಆ ಬದಿಗೆ ಹರಿಯಿತು.

"ಮಳೆ ನೀರಾ ಅಮ್ಮ?" ತಮ್ಮ ಹಿಂದಿರುಗಿ ಕೇಳಿದ.

"ಅಯ್ಯೋ, ನಾನೇನೂ ಹೇಳಿಲ್ವಲ್ಲ!" ಕಾಲು ಇನ್ನೂ ಮೇಲೆಯೇ ಇತ್ತು.

"ನೀವು ಹೇಳ್ಲಿಲ್ಲ, ನಿಮ್ಮ ಕಾಲು ಹೇಳ್ತು. ಸನ್‌ರೂಫಿಂದ ನೀರು ಇಳಿಯೋ ಕೊಳವೆ ಕಟ್ಕೊಂಡಿರುತ್ತೆ. ಅರ್ಧ ದಿನದ ಕೆಲಸ ಬಿಡಿ."

ಯಜಮಾನರ ಕಿವಿ ಕೆಂಪಾಯಿತು.

ಮುಂದೆ ಆಸ್ಪತ್ರೆಯ ಏರು. ಅದರ ಬುಡಕ್ಕೆ ಬರುತ್ತಿದ್ದಂತೆ ಕನ್ನಡಿಯಲ್ಲಿ ಮಗುವಿನ ಕೈ ಎದ್ದಿತು. ಕಣ್ಣು ಮುಚ್ಚಿಯೇ ಇತ್ತು, ಬಾಯಿ ಅರೆತೆರೆದಿತ್ತು. ಕೈ ಮಾತ್ರ ತಡಕಾಡಿ ಬಾಗಿಲಿನ ಹಿಡಿಕೆ ಸಿಕ್ಕಿಸಿಕೊಂಡು ಬಿಗಿಯಾಗಿ ಹಿಡಿಯಿತು. ಒಂದು ಉಸಿರಿನಷ್ಟು ಹೊತ್ತು ಕಳೆಯಿತಷ್ಟೇ. ಗೇರ್ ಬದಲಾಯಿತು, ಗಾಡಿ ಧಡ್ಡೆಂದು ಜಗ್ಗಿತು. ತಮ್ಮನ ಹಣೆ ಕನ್ನಡಿಗೆ ತಾಗಿತು. ಮಗು ಏಳಲಿಲ್ಲ.

"ಸೈಡ್ ಎಫೆಕ್ಟಿನ ಚೀಟಿ ಕೊಡೋದು ಮರ್ತ್ರಿ ಸರ್," ಎಂದ, ಹಣೆ ಉಜ್ಜಿಕೊಳ್ಳುತ್ತ.

ಯಜಮಾನರು ಏರು ಹತ್ತಿಸಿ ಗಾಡಿ ನಿಲ್ಲಿಸಿದರು. "ಮೂರು ವರ್ಷದಿಂದ ಹೀಗೇನಪ್ಪ. ಆದ್ರೆ ಒಂದಿನಾನೂ ದಾರೀಲಿ ಬಿಟ್ಟಿಲ್ಲ. ಮಗಳ ಆಣೆ..."

"ಅವಳ ಮೇಲೆ ಆಣೆ ಯಾಕ್ರೀ," ಎಂದರು ಹಿಂದಿನಿಂದ ಹೆಂಡತಿ. "ಅವಳೇ ಎಲ್ಲ ಹೇಳಿ ಆಯ್ತಲ್ಲ."

ಅಷ್ಟರಲ್ಲಿ ಅಕ್ಕನ ಫೋನು. "ಏನೋ, ಕಣ್ಣು ಮುಚ್ಕೊಂಡು ತಗೊಳ್ಳಲಾ?"

ತಮ್ಮ ಕೆಳಗಿಳಿದ. "ಎಂಜಿನ್ ಗಟ್ಟಿ ಇದೆ ಅಕ್ಕ. ನೀರು ಸೋರೋದನ್ನ ನಾನೇ ಸರಿಮಾಡ್ತೀನಿ. ಗೇರ್‌ಬಾಕ್ಸು..." ಕಿಟಕಿಯಾಚೆ ಆ ಪುಟ್ಟ ಕೈ ಹಿಡಿಕೆ ಬಿಟ್ಟು ಮಡಿಲಿಗೆ ಜಾರಿತ್ತು. ಮೂರು ವರ್ಷ ಜಗ್ಗಿದರೂ ದಾರಿಯಲ್ಲಿ ಕೈಕೊಡದ ಗಾಡಿ ಎನ್ನಬೇಕೋ, ನಿದ್ದೆಯಲ್ಲೂ ನೆಮ್ಮದಿ ಕೊಡದ ಗಾಡಿ ಎನ್ನಬೇಕೋ? "ಗೊತ್ತಿಲ್ಲ ಅಕ್ಕ. ಬಿಚ್ಚಿ ನೋಡೋವರೆಗೂ ನಂಗೇನೂ ಗೊತ್ತಿಲ್ಲ."

ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಇವತ್ತು ನಂಬೋ ಹಾಗೆ ಮಾತಾಡಿದೆ ನೋಡು," ಎಂದಳು ಅಕ್ಕ. "ಅವರು ಒಪ್ಪಿದ್ರೆ ಬಿಚ್ಚು."

ಅವರು ಒಪ್ಪಿದರು. ಬಿಚ್ಚಿದಾಗ ಒಳಗೇನು ಕಂಡಿತೋ, ಈ ಕಥೆ ಹೇಳುತ್ತಿರುವವರಿಗೆ ಅದು ತಿಳಿದಿಲ್ಲ.