ಕಬ್ಬಿಣಕ್ಕೆ ಗೆದ್ದಲು

"ಇದಕ್ಕೆ ನಾನು ರುಜು ಹಾಕಲ್ಲ ಸ್ವಾಮಿ," ಎಂದು ಮೇಸ್ತ್ರಿ ನೋಟೀಸನ್ನು ಗಣಿ ಸುರಕ್ಷತಾ ಕಚೇರಿಯ ಮೇಲಧಿಕಾರಿಯ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕೂತಿದ್ದ ಗಣಿಯ ಮ್ಯಾನೇಜರ್ ಅವನ ಅಂಗಿ ಜಗ್ಗಿದ. ಬರುವಾಗ ದಾರಿಯುದ್ದಕ್ಕೂ ಮ್ಯಾನೇಜರನದು ಒಂದೇ ರಾಗ: "ಒಪ್ಪಿಕೊಂಡುಬಿಡಪ್ಪ. ಇನ್‌ಸ್ಪೆಕ್ಟರ್ ಜೊತೆ ಯಾಕೆ ಹಗೆ?"

ಒಪ್ಪಿಕೊಂಡರೆ ಸುರಂಗದ ಭದ್ರತೆ ನೋಡಿಕೊಳ್ಳುವ ಮೇಸ್ತ್ರಿಯ ಸರ್ಟಿಫಿಕೇಟು ರದ್ದು. ಅದು ಹೋಗಲಿ, ಇಪ್ಪತ್ತೆರಡು ವರ್ಷ ಅವನ ಮಾತು ನಂಬಿ ಗಣಿಗೆ ಇಳಿದವರಿಗೆ ಮುಖ ತೋರಿಸುವುದು ಹೇಗೆ? ನೋಟೀಸಿನಲ್ಲಿ ಇನ್‌ಸ್ಪೆಕ್ಟರ್ ಎರಡು ತಪ್ಪು ಬರೆದಿದ್ದ. ಮೂರನೇ ಸುರಂಗದಲ್ಲಿ ಚಾವಣಿಗೆ ಆಸರೆ ಕೊಟ್ಟ ಕಂಬಗಳಿಗೆ ಗೆದ್ದಲು ಹಿಡಿದಿದೆ. ಗಣಿಯ ಬಾಯಲ್ಲಿರುವ ಏಣಿಯ ಮೆಟ್ಟಿಲು ಮುರಿದಿದೆ.

"ಕಂಬ ನೀವೇ ಕಣ್ಣಾರೆ ನೋಡಿದ್ರಾ?" ಮೇಸ್ತ್ರಿ ಎದುರಿಗಿದ್ದ ಇನ್‌ಸ್ಪೆಕ್ಟರನ್ನು ಕೇಳಿದ.

"ನೋಡದೆ ಬರೀತೀನಾ? ಬೆರಳಲ್ಲಿ ಒತ್ತಿದರೆ ಪುಡಿ ಉದುರ್ತಿತ್ತು!"

"ನಿಮ್ಮ ಬೆರಳು ಬಲು ಗಟ್ಟಿ ಸ್ವಾಮಿ. ಆ ಮರದ ಕಂಬ ಕಿತ್ತು ಕಬ್ಬಿಣದ್ದು ನಿಲ್ಲಿಸಿ ಒಂದು ವರ್ಷ ಆಯ್ತು. ನಿಮ್ಮ ಕಚೇರಿಯವರೇ ಮೊಹರು ಒತ್ತಿದ ಕಾಗದ ಇಲ್ಲಿದೆ. ಕಬ್ಬಿಣಕ್ಕೆ ಗೆದ್ದಲು ಹಿಡಿಯೋದು ನಾನಂತೂ ಕಂಡಿಲ್ಲ."

ಮೇಲಧಿಕಾರಿ ಕಾಗದ ಓದಿ, ಕನ್ನಡಕ ತೆಗೆದರು. "ಕೆಳಗೆ ಇಳಿದಿದ್ರೇನ್ರಿ?"

ಇನ್‌ಸ್ಪೆಕ್ಟರ್ ಕತ್ತು ಒರೆಸಿಕೊಂಡ. "ಅವತ್ತು ಮಂಡಿ ನೋವಿತ್ತು ಸಾರ್... ಹಳೇ ವರದಿ ನೋಡಿ..."

ಅಧಿಕಾರಿ ಮೊದಲ ಸಾಲಿಗೆ ಗೀಟು ಎಳೆದರು. "ಏಣಿದೂ ಇದೇ ಕಥೆ ಇರಬೇಕು. ಹೊಡೆದುಹಾಕ್ಲಾ?"

ಮ್ಯಾನೇಜರನ ಮುಖ ಅರಳಿತು. "ಹಾಕಿ ಸಾರ್!"

"ಬೇಡ ಸ್ವಾಮಿ," ಎಂದ ಮೇಸ್ತ್ರಿ. "ಅದು ನಿಜ. ಮೇಲೆ ನಿಂತವರಿಗೂ ಕಾಣುತ್ತೆ. ಹೊಸ ಏಣಿ ಕೊಡಿಸಿ ಅಂತ ಮೂರು ಸಲ ಕೇಳಿದೀನಿ, ನಮ್ಮ ಮ್ಯಾನೇಜರು ಕಿವಿಗೇ ಹಾಕ್ಕೊಳ್ಳಲಿಲ್ಲ. ಅದನ್ನೂ ಸೇರಿಸಿ ಬರೀರಿ. ಆಗ ರುಜು ಹಾಕ್ತೀನಿ."

ಅಧಿಕಾರಿ ಅವನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬರೆದರು. ಮೇಸ್ತ್ರಿ ಪ್ರತಿ ಅಕ್ಷರವನ್ನೂ ಓದಿ ರುಜು ಹಾಕಿದ.

ಹೊರಗೆ ಮೆಟ್ಟಿಲ ಬಳಿ ಇನ್‌ಸ್ಪೆಕ್ಟರ್ ಅಡ್ಡ ನಿಂತು ಹಲ್ಲು ಕಡಿದ. "ಸಾಹೇಬರ ಮುಂದೆ ನನ್ನ ಮಾನ ಕಳೆದೆ ಅಲ್ವೇನಯ್ಯಾ?"

"ನಾಳೆ ಬನ್ನಿ ಸ್ವಾಮಿ. ಮಂಡಿಗೆ ಪಟ್ಟಿ ಕಟ್ಕೊಂಡು ನನ್ನ ಜೊತೆ ಕೆಳಗಿಳೀರಿ. ನೀವು ಬರೀಬೇಕಾದ ನಿಜವಾದ ತಪ್ಪು ಇನ್ನೂ ಎರಡಿವೆ. ನಾನೇ ತೋರಿಸ್ತೀನಿ."

ಹಿಂದೆ ಇಳಿದು ಬರುತ್ತಿದ್ದ ಮ್ಯಾನೇಜರನ ಬೂಟಿನ ಸದ್ದು ಅರ್ಧ ಮೆಟ್ಟಿಲಲ್ಲೇ ನಿಂತಿತು.