ಖಂಡೇಪೂಜೆಯ ದಿನ ಪಾಲಿಶ್ ಅಂಗಡಿಯಲ್ಲಿ

"ನೀ ದೂರ ನಿಂದ್ರು ಗುರಬಾಯಿ. ಗಂಡ ಸತ್ತಾಕಿ ಮಶೀನಿಗೆ ಕುಂಕುಮ ಹಚ್ಚಬಾರದು," ಅಂತ ಅತ್ತೆ ಹೊನ್ನವ್ವ ಪೂಜೆಯ ತಾಟನ್ನು ಕಿರಿಸೊಸೆ ವಿಜಯಶ್ರೀಯ ಕೈಗೆ ಕೊಟ್ಟಳು.

ಗುರಬಾಯಿ ಅಲುಗಲಿಲ್ಲ. ಗಂಡ ಹೋದಮೇಲೆ ಸಿಂದಗಿಯ ಈ ಅಂಗಡಿಯಲ್ಲಿ, ಗರಗರ ತಿರುಗುವ ಬಟ್ಟೆಯ ಗಾಲಿಗೆ ಅಲ್ಯೂಮಿನಿಯಂ ಇಂಜಿನ್ ಕವರುಗಳನ್ನು ಒತ್ತಿ ಹಿಡಿದು, ಮುಖ ಕಾಣುವಂಗ ಹೊಳಪು ತರುತ್ತಿದ್ದವಳು ಅವಳೇ. ಇಂಡಿ, ಮುದ್ದೇಬಿಹಾಳದ ಬುಲೆಟ್ ಗಾಡಿಯವರೂ ಅವಳ ಹೆಸರು ಕೇಳಿಕೊಂಡೇ ಬರುತ್ತಿದ್ದರು.

"ಅತ್ತಿ, ದಿನಾ ಇದನ್ನ ಮುಟ್ಟಾಕಿ ನಾ. ಇವತ್ತ ಮುಟ್ಟಬಾರದಂದ್ರ ನಾಳಿಂದಾನೂ ಮುಟ್ಟಂಗಿಲ್ಲ."

"ಹಬ್ಬದಾಗ ಜಗಳ ಬ್ಯಾಡ್ರಿ ವೈನಿ," ಅಂದ ಮೈದುನ ಕಲ್ಮೇಶ. "ಮಂದಿ ಏನಂದಾರು?"

"ಮಂದಿ, ಕವರ್ ಯಾವಾಗ ಕೊಡ್ತಿ ಅಂತಾರ. ನಾಳಿ ನೀನ ಹೇಳು." ಕೆಲಸದಾಗ ಸೀರೆಯ ಮೇಲೆ ಹಾಕಿಕೊಳ್ಳುತ್ತಿದ್ದ ಗಂಡನ ಹಳೆಯ ಅಂಗಿಯನ್ನು ಗೂಟದಿಂದ ತೆಗೆದು ಅವನ ಮುಂದೆ ಹಿಡಿದಳು. ಪಾಲಿಶ್ ಮಸಿಗೆ ಅದು ಚರ್ಮದಂಗ ಬಿರುಸಾಗಿತ್ತು. "ಹಾಕ್ಕೋ."

ಕಲ್ಮೇಶ ಅದನ್ನು ನೋಡಿದ, ತನ್ನ ಹೊಸಾ ಬಿಳಿ ಅಂಗಿಯನ್ನೂ ನೋಡಿಕೊಂಡ. ಕೈ ಮುಂದೆ ಬರಲಿಲ್ಲ. ವಿಜಯಶ್ರೀ ಸೆರಗಿನಲ್ಲಿ ನಗು ಮುಚ್ಚಿಕೊಂಡು ತಾಟನ್ನು ತಂದು ಗುರಬಾಯಿಯ ಮುಂದಿಟ್ಟಳು. "ತಗೋ ಅಕ್ಕಾ. ನನಗ ಇದರ ಬಟನ್ ಎಲ್ಲೈತಿ ಅಂತ ಸೈತ ಗೊತ್ತಿಲ್ಲ."

ಹೊನ್ನವ್ವ ಬಾಗಿಲ ಕಡೆ ಮುಖ ತಿರುಗಿಸಿದಳು. ಗುರಬಾಯಿ ಹಸಿ ಕುಂಕುಮದಲ್ಲಿ ಅಂಗೈಯನ್ನೇ ಅದ್ದಿ, ಮೋಟಾರಿನ ಮೇಲೆ ಐದೂ ಬೆರಳು ಮೂಡುವಂಗ ಒತ್ತಿದಳು.